ಬೆನ್ನು ಮಾತ್ರ ಕಂಡ ಹುಡುಗಿ

ಹಡಗು ಹೊರಟಿತು. ಸಾವಿತ್ರಮ್ಮ ರಿಮೋಟಿನ ಗುಂಡಿ ಒತ್ತಿದರು. ಹೊರಟ ಹಡಗು ಹಿಂದಹಿಂದಕ್ಕೆ ಸರಿದು ಮತ್ತೆ ದಕ್ಕೆಗೆ ಅಂಟಿಕೊಂಡು ನಿಂತಿತು.

ಇದು ನಾಲ್ಕನೇ ಸಲ.

ತರೀಕೆರೆ ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ, 'ನೀಲಕಡಲು ಉದ್ಯೋಗ ಸೇವೆ' ಎಂಬ ಬೋರ್ಡಿನ ಹಿಂದಿನ ಕೋಣೆಯಲ್ಲಿ ಅರ್ಧ ಗೋಡೆ ನುಂಗುವಂಥ ಟಿವಿ ಇತ್ತು. ಅದರೊಳಗೆ ಮುಂಬೈ ಬಂದರಿನ ಒಂದು ರಾತ್ರಿ. ಹತ್ತು ಹನ್ನೆರಡು ಅಂತಸ್ತಿನ ಪ್ರವಾಸಿ ಹಡಗು, ಕಿಟಕಿಗೊಂದು ದೀಪ, ನೆತ್ತಿಯ ಮೇಲೆ ಬಣ್ಣದ ದೀಪಗಳ ಮಾಲೆ. ಯಾರೋ ಮದುವೆ ಛತ್ರವನ್ನು ಬುಡಸಮೇತ ಎತ್ತಿ ನೀರಿಗೆ ಬಿಟ್ಟಂತಿತ್ತು. ಮೇಲಿನ ಕಟಕಟೆಯ ಉದ್ದಕ್ಕೂ ಎಳ್ಳಿನಷ್ಟು ಎಳ್ಳಿನಷ್ಟು ಜನ. ಅದರಲ್ಲೊಂದು ಎಳ್ಳು ಕೈಯಲ್ಲಿ ಬೆಳಕು ಹಿಡಿದು ಬೀಸುತ್ತಿತ್ತು.

ವಿಡಿಯೋದೊಳಗಿನ ಒಂದು ಗಂಡುದನಿ ಹೇಳುತ್ತಿತ್ತು: "ಅಗೋ ನೋಡಿ ಯಜಮಾನ್ರೇ, ಬಿಳಿ ಯೂನಿಫಾರ್ಮು. ನಿಮ್ಮ ಮಗಳೇ. ಕೈ ಬೀಸ್ತಾ ಇದಾಳೆ."

ಆ ದನಿಯ ಒಡೆಯ ಅಭಿಲಾಷ್ ಈಗ ಮೇಜಿನ ಆಚೆ ಕೂತಿದ್ದ. ಹಡಗಿನ ಕೆಲಸಕ್ಕೆ ಹುಡುಗ ಹುಡುಗಿಯರನ್ನು ಕಳಿಸುವ ಏಜೆಂಟ್. ಬಂದವರಿಗೆಲ್ಲ ಬಾದಾಮಿ ಹಾಲು ತರಿಸುವ ಒಳ್ಳೆಯವನು ಎಂದು ಊರಲ್ಲಿ ಹೆಸರು. ಇವತ್ತೂ ತರಿಸಿದ್ದ. ಎರಡು ಲೋಟ ಕೆನೆಗಟ್ಟುತ್ತಾ ಮೇಜಿನ ಮೇಲೆ ಕೂತಿದ್ದವು, ಯಾರೂ ಮುಟ್ಟಿರಲಿಲ್ಲ.

ವಿಡಿಯೋದ ಕೆಳಗೆ ಹಳದಿ ಅಕ್ಷರ ಓಡುತ್ತಿತ್ತು. 'ಅಜ್ಜಂಪುರದ ಅಕ್ಷತಾ ಈಗ ಸಾಗರದಲ್ಲಿ. ಮುಂದಿನ ಸರದಿ ನಿಮ್ಮದು.' ಹೆತ್ತ ಅಪ್ಪ ತೆಗೆದುಕೊಂಡಿದ್ದ ವಿಡಿಯೋಗೆ ಈ ಮನುಷ್ಯ ಸಂಗೀತ ಹಾಕಿಸಿ ಜಾಹೀರಾತು ಮಾಡಿಕೊಂಡಿದ್ದ. ಸಾವಿತ್ರಮ್ಮನವರ ಮೈ ಉರಿಯಲು ಶುರುವಾಗಿದ್ದೇ ಆ ಹಳದಿ ಅಕ್ಷರದಿಂದ.

ಆ ರಾತ್ರಿ ಕಳೆದು ಐದು ವಾರ. ಅಕ್ಷತಾಳ ದನಿಯನ್ನು ಅಲ್ಲಿಂದೀಚೆಗೆ ಮನೆಯವರು ಯಾರೂ ಕೇಳಿರಲಿಲ್ಲ. ಬಂದದ್ದೆಲ್ಲ ಬರೀ ಮೆಸೇಜು. ಹಡಗಿನ ಕಂಪನಿಗೆ ಬರೆದರೆ, ಆ ಹೆಸರಿನ ಹುಡುಗಿ ಹಡಗಿನಲ್ಲಿ ಚೆನ್ನಾಗಿ ಕೆಲಸ ಮಾಡಿಕೊಂಡಿದ್ದಾಳೆ ಎಂಬ ಉತ್ತರ. ಕಾಣೆಯಾದ ದೂರನ್ನು ಸೋಮವಾರ ಮುಚ್ಚಿಬಿಡುತ್ತೇವೆ ಎಂದು ಪೊಲೀಸರು ಹೇಳಿಬಿಟ್ಟಿದ್ದರು. ಮುಚ್ಚಿದರೆ, ಆಮೇಲೆ ಆ ಹುಡುಗಿಯನ್ನು ಹುಡುಕುವವರು ಯಾರೂ ಇಲ್ಲ.

"ಮೇಡಂ, ನೀವು ರಿಟೈರಾದೋರು. ಆದ್ರೂ ಮರ್ಯಾದೆ ಕೊಟ್ಟು ಕೂರಿಸಿದ್ದೀನಿ," ಅಭಿಲಾಷ್ ನಗುಮುಖದಲ್ಲೇ ಹೇಳಿದ. "ಅಪ್ಪನೇ ಹೇಳಿಕೆ ಕೊಟ್ಟವ್ರೆ. ಇನ್ನೆಷ್ಟು ಸಲ ಈ ಹಡಗು ಬಿಡ್ತೀರ?"

ಹೇಳಿಕೆಯ ಮಾತು ನಿಜ. ಸಾವಿತ್ರಮ್ಮ ಮೂವತ್ತೈದು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ಈ ಮಾರ್ಚಿನಲ್ಲಿ ಎಎಸ್‌ಐ ಆಗಿ ನಿವೃತ್ತಿಯಾಗಿ ಕಡೂರಿನಲ್ಲಿ ಮನೆ ಮಾಡಿಕೊಂಡವರು. ಅಂಥ ಕಾಗದ ಸಾವಿರ ಬರೆದಿದ್ದರು. 'ನನ್ನ ಮಗಳು ಬಂದರಿನ ಗೇಟಿನ ಒಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿರುತ್ತೇನೆ.' ಕೆಳಗೆ ಅಂಜಿನಪ್ಪನ ರುಜು. ಆ ಒಂದು ಸಾಲು ಕೇಸಿನ ಬಾಗಿಲಿಗೆ ಹಾಕಿದ ಅಗುಳಿಯ ಹಾಗೆ ಕೂತಿತ್ತು.

ಅಂಜಿನಪ್ಪ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅಜ್ಜಂಪುರದ ರೈಲ್ವೆ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಹಸಿರು ಬಾವುಟ ಹಿಡಿದವನು. ಕೊನೆಯ ಬೋಗಿಯ ಹಿಂದಿನ ಕೆಂಪು ದೀಪ ಕಣ್ಣಿಗೆ ಬಿದ್ದು ದಾಟಿಹೋಗುವ ತನಕ ರೈಲು ಹೋಯಿತು ಎನ್ನಬಾರದು, ಅದು ಅವನ ಡ್ಯೂಟಿ. ಅಂಥವನ ಕಣ್ಣಿನ ಮೇಲೆ ಯಾರು ತಾನೇ ಅನುಮಾನ ಪಟ್ಟಾರು?

ಸಾವಿತ್ರಮ್ಮ ಪಟ್ಟರು. ವಿಡಿಯೋ ನಿಲ್ಲಿಸಿ ಅವನ ಕಡೆ ತಿರುಗಿದರು.

"ಕಣ್ಣಾರೆ ನೋಡಿದೆ ಅಂದ್ಯಲ್ಲ ಅಂಜಿನಪ್ಪ. ಗೇಟಿನ ಹತ್ರ ಮುಖ ಹೆಂಗಿತ್ತು? ಅಳ್ತಿದ್ಲಾ, ನಗ್ತಿದ್ಲಾ?"

ಅಂಜಿನಪ್ಪ ಮೇಜಿನ ಮೇಲಿದ್ದ ತನ್ನ ಮೊಬೈಲನ್ನು ಒಮ್ಮೆ ನೋಡಿದ. ವಿಡಿಯೋ ಕಾಲಿನ ಇನ್ನೊಂದು ತುದಿಯಲ್ಲಿ, ಮುಂಬೈ ಬಂದರಿನ ಗೇಟಿನ ಹತ್ತಿರ, ಅವನ ದೊಡ್ಡ ಮಗಳು ಪ್ರಜ್ಞಾ ಇದ್ದಳು. ಕಡೂರು ಕೋರ್ಟಿನ ವಕೀಲೆ, ಸಾವಿತ್ರಮ್ಮನವರನ್ನು ಈ ಕೇಸಿಗೆ ಎಳೆದುತಂದವಳೂ ಅವಳೇ. ಅದೇ ಹಡಗು ವಾರಕ್ಕೊಮ್ಮೆ ಮುಂಬೈಗೆ ವಾಪಸ್ಸು ಬರುತ್ತದೆಂದು ತಿಳಿದು, ಸಾವಿತ್ರಮ್ಮನವರೇ ಅವಳನ್ನು ಹಿಂದಿನ ದಿನ ಬೀರೂರಿನಲ್ಲಿ ರೈಲು ಹತ್ತಿಸಿದ್ದರು. ಹಡಗು ಬೆಳಿಗ್ಗೆ ಬಂದಿತ್ತು. ರಾತ್ರಿ ಒಂಬತ್ತಕ್ಕೆ ಮತ್ತೆ ಹೊರಡುವುದಿತ್ತು. ಈಗ ಏಳೂವರೆ.

"ಹೇಳಪ್ಪಾ," ಎಂದಿತು ಮೊಬೈಲು.

"ಬೆನ್ನು ನೋಡ್ದೆ ಅಕ್ಕಾ," ಅಂದ ಅಂಜಿನಪ್ಪ, ಸಾವಿತ್ರಮ್ಮನವರಿಗೆ.

ಸಾವಿತ್ರಮ್ಮ ರಿಮೋಟನ್ನು ಮೇಜಿನ ಮೇಲಿಟ್ಟರು.

"ಜರ್ಕಿನ್ನು ಅವಳ್ದೇ. ಕಾಲೇಜಿನ ವಾಲಿಬಾಲ್ ಟೀಮಿಂದು, ಹಿಂದೆ ಏಳನೇ ನಂಬರು. ಬ್ಯಾಗೂ ಅವಳ್ದೇ. ಮೂವತ್ತು ಹೆಜ್ಜೆ ದೂರದಾಗೆ ಇದ್ಲು. ಕೂಗಾಣ ಅಂತ ಗಂಟ್ಲವರ್ಗೂ ಬಂತು. ಕೂಗ್ಲಿಲ್ಲ."

"ಯಾಕೆ ಕೂಗ್ಲಿಲ್ಲ?"

"ಹೊರಟೋರ್ನ ಹಿಂದ್ಲಿಂದ ಕರೀಬಾರ್ದು ಅಲ್ವಾ."

ಅವನ ತಲೆ ಎದೆಗೆ ತಾಗಿತ್ತು. ಅದಕ್ಕೆ ಕಾರಣ ಬೇರೆಯೇ ಇತ್ತು. ಬೌದ್ಧ ದೀಕ್ಷೆ ತೆಗೆದುಕೊಂಡು ಹದಿನಾರು ವರ್ಷವಾದ ಮನೆ ಅದು. ಪಂಚಾಂಗವನ್ನು ಒಲೆಗೆ ಹಾಕಿದವನು ಅವನೇ. ಬೆಕ್ಕು ಅಡ್ಡ ಬಂತೆಂದು ನಿಂತವರನ್ನು, ಹಲ್ಲಿ ಲೊಚಗುಟ್ಟಿತೆಂದು ಕೂತವರನ್ನು ಕೇರಿಯಲ್ಲಿ ಎಲ್ಲರೆದುರು ಗೇಲಿ ಮಾಡಿದವನೂ ಅವನೇ. ಮಕ್ಕಳಿಗೆ ಶಕುನ ಅಂದರೆ ಏನೆಂದೇ ಗೊತ್ತಾಗದ ಹಾಗೆ ಬೆಳೆಸಿದ್ದ. ಅಂಥವನು ಪರದೇಶದಂಥ ಊರಿನಲ್ಲಿ, ಸಮುದ್ರದ ಬಾಗಿಲಲ್ಲಿ, ಸತ್ತುಹೋದ ಅಜ್ಜಿಯ ಮಾತಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅದನ್ನು ವಕೀಲೆ ಮಗಳ ಎದುರು ಹೇಳಲು ನಾಚಿಕೆಯಾಗಿ, ಠಾಣೆಯಲ್ಲಿ 'ಕಣ್ಣಾರೆ' ಎಂದು ಬರೆಸಿಬಿಟ್ಟಿದ್ದ.

ಸಾವಿತ್ರಮ್ಮನವರಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ಮುಷ್ಟಿ ಮಾಡಿ ಮಡಿಲಲ್ಲಿಟ್ಟುಕೊಂಡರು.

"ನಿನ್ನ ಮರ್ಯಾದೆ ಉಳ್ಸ್ಕೊಳ್ಳಕ್ಕೆ ಐದು ವಾರ ಸುಳ್ಳು ಹೇಳಿದ್ಯಲ್ಲಯ್ಯಾ. ಆ ಮಗು ಎಲ್ಲಿ ಬಿದ್ದಿದೆಯೋ."

"ಬೈಬೇಡಿ ಮೇಡಂ," ಎಂದಳು ಪ್ರಜ್ಞಾ. "ಅಪ್ಪಾ, ನಂಗೆ ಹೇಳಕ್ಕೇನಾಗಿತ್ತು?"

ಅಂಜಿನಪ್ಪ ಬೇರೆ ಒಂದು ಮಾತು ಹೇಳಿದ. ನಿಧಾನವಾಗಿ, ಹಳಿಯ ಮೇಲೆ ಕಿವಿಯಿಟ್ಟು ಕೇಳಿದವನ ಹಾಗೆ.

"ನಂಗೇ ಹೊಳ್ದಿದ್ದಲ್ಲ ಅದು. ನಾನು ಬಾಯಿ ತೆಗ್ದಿದ್ದೆ. ಇವ್ರೇ ಭುಜ ಹಿಡ್ಕೊಂಡು ಅಂದ್ರು, ಯಜಮಾನ್ರೇ, ಸಮುದ್ರದ ಪ್ರಯಾಣ, ಹೊರಟ ಮಗೂನ ಹಿಂದಿಂದ ಕರೀಬೇಡಿ ಅಂತ."

ಸಾವಿತ್ರಮ್ಮನವರ ಕುರ್ಚಿ ಪೂರ್ತಿ ಅಭಿಲಾಷನ ಕಡೆ ತಿರುಗಿತು.

ಆ ದಿನದ ಮಿಕ್ಕ ಸಂಗತಿಯೆಲ್ಲ ಅವರಿಗೆ ಗೊತ್ತಿತ್ತು. ಮಧ್ಯಾಹ್ನ ವೈದ್ಯಕೀಯ ತಪಾಸಣೆ ಇದೆ ಎಂದು ಮುಂಬೈಯ ಲಾಡ್ಜಿನಿಂದ ಅಭಿಲಾಷನ ಕಡೆಯವರು ಅಕ್ಷತಾಳೊಬ್ಬಳನ್ನೇ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿದ್ದರು. ಅಪ್ಪ ಸಂಜೆ ಐದಕ್ಕೆ ನೇರ ಗೇಟಿಗೆ ಬಂದರೆ ಸಾಕು ಎಂದಿದ್ದರು. ಅರ್ಜಿ, ಫೋಟೋ, ಪಾಸ್‌ಪೋರ್ಟು, ಎಲ್ಲ ಓಡಾಟವೂ ಅಭಿಲಾಷನ ಕೈಯಿಂದಲೇ ಆಗಿತ್ತು. ಇಷ್ಟು ದಿನ ಸಿಗದಿದ್ದದ್ದು ಒಂದೇ. ಟ್ಯಾಕ್ಸಿ ಹತ್ತಿದ ಹುಡುಗಿ, ಗೇಟು ಹೊಕ್ಕ ಹುಡುಗಿ, ಇಬ್ಬರೂ ಒಬ್ಬಳೇ ಎಂದು ಹೇಳಿದವರು ಯಾರು? ಒಂದು ಜರ್ಕಿನ್ನು ಹೇಳಿತ್ತು, ಅಷ್ಟೆ.

"ಮುಂಬೈನೋನು ಯಾವನಾದ್ರೂ ಆಗಿದ್ರೆ, ಕೂಗಿ ಯಜಮಾನ್ರೇ, ಮಗಳು ಒಂದ್ಸಲ ತಿರುಗ್ಲಿ ಅಂತಿದ್ದ," ಎಂದರು ಸಾವಿತ್ರಮ್ಮ. "ನೀನು ಇಲ್ಲೇ ಲಿಂಗದಹಳ್ಳೀಲಿ ಹುಟ್ಟಿ ಬೆಳ್ದೋನು. ನಮ್ಮ ಜನದ ಬಾಯಿ ಎಲ್ಲಿ ಕಟ್ಟುತ್ತೆ ಅಂತ ನಿಂಗೆ ಗೊತ್ತಿತ್ತು."

ಅಭಿಲಾಷ್ ನಕ್ಕ. ಬುದ್ಧನ ಪಟ ಇಟ್ಟ ಮನೆಯವರು ಶಕುನದ ಮಾತಾಡುತ್ತಾರೆ, ಅದಕ್ಕೆ ನಾನೇನು ಮಾಡಲಿ ಎಂದ. ಇಂಥ ಕತೆ ಕೇಳಿ ಯಾವ ಜಡ್ಜೂ ಕೇಸು ತೆರೆಯುವುದಿಲ್ಲ ಎಂದ. ತಾನೂ ಒಬ್ಬ ತಂಗಿಯನ್ನು ಕಳೆದುಕೊಂಡವನು, ಹೆಣ್ಣುಮಕ್ಕಳ ನೋವು ತನಗೂ ಗೊತ್ತು ಎಂದು ದನಿ ತಗ್ಗಿಸಿ, ಬೆನ್ನ ಹಿಂದಿನ ಗೋಡೆಯ ಕಡೆ ಕೈ ತೋರಿಸಿದ.

ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೋ. ನಯನ. ಅಕ್ಷತಾಳದೇ ವಯಸ್ಸು, ಅದೇ ಮೈಕಟ್ಟು, ದುಂಡು ಮುಖ.

ಆ ಫೋಟೋ ತೋರಿಸಬಾರದಿತ್ತು ಅವನು. ಸಾವಿತ್ರಮ್ಮನವರ ಸಿಟ್ಟಿನ ಬೇರು ಅಲ್ಲೇ ಇತ್ತು.

ಹೋದ ವರ್ಷ ಆಷಾಢದಲ್ಲಿ ನಯನ ಓಡಿಸುತ್ತಿದ್ದ ಕಾರು ಕಡೂರು ರಸ್ತೆಯಲ್ಲಿ, ತೆಂಗಿನಕಾಯಿ ಕೀಳುವ ಓಬಳಪ್ಪ ಎಂಬವನಿಗೆ ಗುದ್ದಿತ್ತು. ಗುದ್ದಿದವಳು ನಿಲ್ಲಿಸದೆ ಹೋದಳು. ಓಬಳಪ್ಪ ರಸ್ತೆಯಲ್ಲೇ ಮುಗಿದುಹೋದ. ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಭದ್ರಾ ನಾಲೆಯ ದಂಡೆಯ ಮೇಲೆ ಅವಳ ಚಪ್ಪಲಿ ಸಿಕ್ಕಿದವು. ಎಂಟು ದಿನದ ಮೇಲೆ ಕೆಳಗಿನ ತೂಬಿನಲ್ಲಿ ಗುರುತು ಹತ್ತದ ಒಂದು ಹೆಣ. ಬಟ್ಟೆ ನೋಡಿ ನನ್ನ ತಂಗಿಯೇ ಎಂದ ಅಣ್ಣ. ಸತ್ತವರ ಮೇಲೆ ಕೇಸು ನಡೆಯುವುದಿಲ್ಲ. ಓಬಳಪ್ಪನ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ಕೂತು ಅತ್ತು, ಎದ್ದು ಹೋದಳು.

ಆ ಚಪ್ಪಲಿಗಳನ್ನು ಎತ್ತಿ ಮಹಜರು ಬರೆದವರು ಸಾವಿತ್ರಮ್ಮನೇ. ನೀರಿಗೆ ಹಾರುವವಳು ದೇವಸ್ಥಾನದ ಬಾಗಿಲಲ್ಲಿ ಬಿಟ್ಟಂತೆ ಜೋಡಿಸಿ ಬಿಟ್ಟಿದ್ದಾಳಲ್ಲ ಎಂದು ಆಗಲೇ ಅನ್ನಿಸಿತ್ತು. ಅನ್ನಿಸಿದ್ದನ್ನು ಬರೆಯಲಿಲ್ಲ. ಆ ತಪ್ಪು ವರ್ಷಕ್ಕೂ ಮೇಲಾಗಿ ಅವರ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತ್ತು.

"ಅಪ್ಪಾ, ಮೇಡಂ," ಮೊಬೈಲು ಮಾತಾಡಿತು. ಪ್ರಜ್ಞಾ ಉಸಿರು ಹಿಡಿದು ಪಿಸುಗುಡುತ್ತಿದ್ದಳು. ಎಂಟಕ್ಕೆ ಸಿಬ್ಬಂದಿಯೆಲ್ಲ ಹಡಗಿನೊಳಗೆ ಇರಬೇಕಂತೆ. ಊರು ಸುತ್ತಲು ಹೋಗಿದ್ದವರು ಒಬ್ಬೊಬ್ಬರೇ ವಾಪಸ್ಸು ಬರುತ್ತಿದ್ದಾರೆ. ಅಕ್ಷತಾ ಎಲ್ಲಿ ಎಂದು ಒಬ್ಬ ಹುಡುಗಿಯನ್ನು ಕೇಳಿದರೆ, ಅಗೋ ಮುಂದೆ ಹೋಗುತ್ತಿದ್ದಾಳಲ್ಲ ಎಂದು ತೋರಿಸಿದಳಂತೆ.

ಪ್ರಜ್ಞಾ ಮೊಬೈಲನ್ನು ಆ ಕಡೆ ತಿರುಗಿಸಿದಳು.

ಕಬ್ಬಿಣದ ಬೇಲಿ. ಹಳದಿ ದೀಪ. ದೀಪದ ಕೆಳಗೆ ಗೇಟಿನ ಕಡೆ ನಡೆಯುತ್ತಿರುವ ಒಬ್ಬ ಹುಡುಗಿ. ಮತ್ತೆ ಬೆನ್ನು.

ಅಭಿಲಾಷ್ ಕುರ್ಚಿಯಿಂದ ಅರ್ಧ ಎದ್ದ. ಅಂಜಿನಪ್ಪ ಅದಕ್ಕೂ ಮೊದಲೇ ಎದ್ದು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಕೂಗವ್ವಾ," ಅಂದ. "ಏನಾದ್ರೂ ಆಗ್ಲಿ, ಕೂಗು."

ಪ್ರಜ್ಞಾ ತಂಗಿಯ ಹೆಸರು ಹಿಡಿದು ಕೂಗಿದಳು. ಎರಡು ಸಲ. ಬೆನ್ನು ತಿರುಗಲಿಲ್ಲ. ನಡಿಗೆ ಸ್ವಲ್ಪ ಚುರುಕಾಯಿತು, ಅಷ್ಟೆ.

"ಇಷ್ಟು ಗಲಾಟೇಲಿ ಕೇಳ್ಸುತ್ತಾ?" ಎಂದ ಅಭಿಲಾಷ್. ಅವನ ಹಣೆಯ ಮೇಲೆ ಬೆವರಿತ್ತು.

ಸಾವಿತ್ರಮ್ಮ ಗಡಿಬಿಡಿ ಮಾಡಲಿಲ್ಲ. ಹಾರ ಹಾಕಿದ ಫೋಟೋವನ್ನೇ ನೋಡುತ್ತಾ ಮಾತಾಡಿದರು.

"ನಿನ್ನೆ ನಿಮ್ಮ ಊರಿಗೆ ಹೋಗಿದ್ದೆ ಕಣಪ್ಪಾ. ನಿಮ್ಮಮ್ಮನ್ನ ಮಾತಾಡಿಸ್ಲಿಲ್ಲ. ಪಕ್ಕದ ಮನೆಯೋರ್ನ ಮಾತಾಡಿಸ್ದೆ. ಹಿರಿಯರ ಹಬ್ಬದಲ್ಲಿ ನಿಮ್ಮನೇಲಿ ನಿಮ್ಮಪ್ಪಂಗೆ ಪಂಚೆ ಇಟ್ಟು ಎಡೆ ಇಟ್ರಂತೆ. ತಾತಂಗೂ ಇಟ್ರಂತೆ. ನಯನಂಗೆ ಸೀರೆ ಇಡ್ಲಿಲ್ಲ. ಹೋದ ವರ್ಷವೂ ಇಡ್ಲಿಲ್ಲ, ಈ ವರ್ಷವೂ ಇಡ್ಲಿಲ್ಲ. ಮರ್ತಿರ್ಬೇಕು ಅಂದ್ರು ಪಕ್ಕದ ಮನೆಯೋರು."

ಅವರು ಎದ್ದು ನಿಂತರು.

"ಹಾರ ನೀನು ಹಾಕ್ಬೋದು. ಆಫೀಸಿನ ಗೋಡೆ. ಆದ್ರೆ ಬದುಕಿರೋ ಮಗಳಿಗೆ ಎಡೆ ಇಡು ಅಂದ್ರೆ ಹೆತ್ತೋಳು ಇಡ್ತಾಳೇನೋ? ಸತ್ತೋರ ಸಾಲಲ್ಲಿ ಕೂರಿಸ್ತಾಳೇನೋ?"

ಆಮೇಲೆ ಮೊಬೈಲಿನ ಕಡೆ ಬಗ್ಗಿ, "ಪ್ರಜ್ಞಾ, ನಯನ ಅಂತ ಕೂಗು," ಎಂದರು.

ಅಭಿಲಾಷ್ ಮೇಜಿನ ಮೇಲಿಂದ ಕೈ ಚಾಚಿದ. ಬಾದಾಮಿ ಹಾಲಿನ ಲೋಟ ಉರುಳಿತು. ಅಷ್ಟರಲ್ಲಿ ಮುಂಬೈಯಲ್ಲಿ ಕೂಗು ಎದ್ದಾಗಿತ್ತು.

ಗೇಟಿಗೆ ನಾಲ್ಕು ಹೆಜ್ಜೆ ಇರುವಾಗ ಬೆನ್ನು ನಿಂತಿತು. ತಿರುಗಿತು. ಹಳದಿ ದೀಪ ನೇರ ಮುಖದ ಮೇಲೆ ಬಿತ್ತು.

ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದ ಮುಖ. ಕೂದಲು ಮಾತ್ರ ಮೊಟಕಾಗಿತ್ತು.

ಪ್ರಜ್ಞಾ ಬೇಲಿಯ ಕಂಬಿ ಹಿಡಿದು ಒಂದೇ ಮಾತು ಕಿರುಚಿದಳು, ನನ್ನ ತಂಗಿ ಎಲ್ಲಿ ಎಂದು. ನಯನ ಆ ಮಾತು ಅರ್ಥವಾಗದವಳ ಹಾಗೆ ಒಂದು ಗಳಿಗೆ ನಿಂತಳು. ಬಾಯಿ ತೆರೆದಳು. ಆಮೇಲೆ ತಿರುಗಿ ಗೇಟಿನೊಳಗೆ ಹೋಗಿಬಿಟ್ಟಳು.

ಬಂದರಿನ ಪೊಲೀಸರು ಇಲ್ಲೇ ಇದ್ದಾರೆ, ಹಡಗು ನಿಲ್ಲಿಸುತ್ತೇನೆ ಎಂದು ಪ್ರಜ್ಞಾ ಓಡಲು ಶುರು ಮಾಡಿದ್ದಳು. ಚಿತ್ರ ಎತ್ತೆತ್ತಲೋ ಹಾರುತ್ತಿತ್ತು.

"ನಿಲ್ಲೋಕೆ ಹೇಳಿ ಅವಳಿಗೆ," ಎಂದ ಅಭಿಲಾಷ್.

ಆ ದನಿಯಲ್ಲಿ ಬಾದಾಮಿ ಹಾಲು ಇರಲಿಲ್ಲ. ಕರ್ಚೀಫು ತೆಗೆದು, ಮೇಜಿನ ಮೇಲೆ ಹರಿದ ಹಾಲನ್ನು ಒರೆಸುತ್ತಾ, ಕಣ್ಣೆತ್ತದೆ ಹೇಳಿದ.

"ಹಡಗು ಬಂದರು ಬಿಟ್ಟು ಹೋಗ್ತಿರ್ಬೇಕಾದ್ರೆ ನಯನ ಪ್ರತಿ ಸಲ ಮೇಲ್ಗಡೆಯಿಂದ ಒಂದು ಫೋಟೋ ತೆಗೀತಾಳೆ. ಬಂದರಿನ ದೀಪ ಹಿಂದಕ್ಕೆ ಹೋಗೋದು, ಜೊತೆಗೆ ಅವಳ ಕೈ. ಅದು ಹತ್ತು ಗಂಟೆಯೊಳಗೆ ನನ್ನ ಮೊಬೈಲಿಗೆ ಬರುತ್ತೆ. ಬಂದ್ರೆ ನಾನೊಂದು ಕಡೆಗೆ ಅದನ್ನ ಕಳಿಸ್ತೀನಿ. ಕಳಿಸಿದ್ರೆ ನಿಮ್ಮ ಅಕ್ಷತಾಗೆ ನಾಳೆ ಬೆಳಿಗ್ಗೆ ತಿಂಡಿ ಸಿಗುತ್ತೆ. ಕಳಿಸದಿದ್ರೆ ಏನು ಅನ್ನೋದನ್ನ ಈ ಯಜಮಾನ್ರ ಎದುರು ಹೇಳಲ್ಲ."

ಸಾವಿತ್ರಮ್ಮ ಅವನ ಕಾಲರ್ ಹಿಡಿದಿದ್ದು ಯಾವಾಗ ಎಂದು ಅವರಿಗೇ ಗೊತ್ತಾಗಲಿಲ್ಲ. ಮೂವತ್ತೈದು ವರ್ಷದ ಸಿಟ್ಟು, ಚಪ್ಪಲಿ ಜೋಡಿಯ ಸಿಟ್ಟು, ಹಳದಿ ಅಕ್ಷರದ ಸಿಟ್ಟು, ಎಲ್ಲ ಐದು ಬೆರಳಿನಲ್ಲಿ ಬಂದು ಕೂತಿತ್ತು.

"ಎಲ್ಲಿಟ್ಟಿದ್ಯೋ ಮಗೂನ?"

"ಹೊಡೀರಿ. ಸ್ಟೇಷನ್‌ಗೆ ಎಳೀರಿ. ಅವಳನ್ನ ಇಟ್ಕೊಂಡಿರೋರು ನಾನು ಹೇಳಿದ್ದು ಕೇಳಲ್ಲ ಮೇಡಂ, ಆ ಫೋಟೋ ಹೇಳಿದ್ದು ಕೇಳ್ತಾರೆ."

ಕೈ ಹಿಡಿದು ಬಿಡಿಸಿದವನು ಅಂಜಿನಪ್ಪ. ಅವನ ಮುಖ ನೋಡಿ ಸಾವಿತ್ರಮ್ಮ ಕಾಲರ್ ಬಿಟ್ಟರು ಎನ್ನುವುದಕ್ಕಿಂತ, ಬೆರಳುಗಳೇ ಸೋತು ಸಡಿಲಾದವು ಎನ್ನಬೇಕು. ಮಗಳು ಬದುಕಿದ್ದಾಳೆ ಎಂದು ಆ ಅಪ್ಪನಿಗೆ ಐದು ವಾರದಲ್ಲಿ ಮೊದಲ ಸಲ ಗೊತ್ತಾಗಿತ್ತು. ಗೊತ್ತಾದದ್ದು ಇಂಥ ಬಾಯಿಂದ.

"ಬಿಡವ್ವಾ," ಅಂಜಿನಪ್ಪ ಮೊಬೈಲಿಗೆ ಹೇಳಿದ. "ಹಡಗು ಹೋಗ್ಲಿ."

ಪ್ರಜ್ಞಾ ಓಡುವುದನ್ನು ನಿಲ್ಲಿಸಿದಳು. ಆಮೇಲೆ ಸಮುದ್ರದ ಕಟ್ಟೆಯ ಕಡೆ ನಡೆದುಹೋಗಿ, ಅಪ್ಪ ಹಿಂದೆ ನಿಂತಿದ್ದ ಜಾಗದಲ್ಲೇ ನಿಂತು, ಹಡಗು ಕಾಣುವಂತೆ ಮೊಬೈಲನ್ನು ಕಟ್ಟೆಯ ಮೇಲೆ ಒರಗಿಸಿಟ್ಟಳು.

ಒಂಬತ್ತು ಗಂಟೆಗೆ ಕೊಳಲಿಗೂ ಕೋಣನ ಕೂಗಿಗೂ ನಡುವಿನಂಥ ಒಂದು ದೊಡ್ಡ ಸದ್ದು ಆ ಪುಟ್ಟ ಮೊಬೈಲಿನಿಂದ ಬಂದು ಕೋಣೆ ತುಂಬಿತು. ಹಗ್ಗ ಬಿಚ್ಚಿದರು. ಗೋಡೆಯಂಥ ಹಡಗು ದಕ್ಕೆಯಿಂದ ಒಂದು ಗೇಣು ಸರಿಯಿತು. ನಡುವೆ ಕಪ್ಪು ನೀರು ಕಾಣಿಸಿತು. ಗೇಣು ಮಾರಾಯಿತು. ಮೇಲೆ ಎಲ್ಲೋ ಹಾಡು, ಕುಣಿತ. ಯಾರೋ ಊಟ ಮಾಡುತ್ತಾ ಕಿಟಕಿಯಿಂದ ಊರು ನೋಡುತ್ತಿದ್ದರು. ಎಳ್ಳಿನಂಥ ಜನ ಎಳ್ಳಿನಂಥ ಬೆಳಕು ಬೀಸಿದರು.

ಅಂಜಿನಪ್ಪ ಕೂರಲಿಲ್ಲ. ಗೇಟಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ ನಿಂತು, ಹಲ್ಲು ಕಚ್ಚಿಕೊಂಡು, ಹಡಗಿನ ಹಿಂಬದಿಯ ದೀಪವನ್ನೇ ನೋಡುತ್ತಿದ್ದ. ತನ್ನ ಮಗಳ ಹೆಸರು ಹೊತ್ತುಕೊಂಡು ಹೋಗುತ್ತಿರುವ ಹಡಗು ಚೆನ್ನಾಗಿ ಹೋಗಲಿ, ಎಲ್ಲೂ ನಿಲ್ಲದಿರಲಿ ಎಂದು ಅವನೇ ಬೇಡಿಕೊಳ್ಳಬೇಕಾಗಿ ಬಂದಿತ್ತು. ಸಿಟ್ಟಿಗೆ ಅವನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು.

ಅಭಿಲಾಷ್ ತನ್ನ ಮೊಬೈಲನ್ನು ಮೇಜಿನ ನಡುವೆ ಇಟ್ಟುಕೊಂಡ. ಫೋಟೋ ಬರಲು ಇನ್ನೂ ಹೊತ್ತಿದೆ ಎನ್ನುವಂತೆ ಕೈ ಕಟ್ಟಿಕೊಂಡು ಒರಗಿದ.

ಒಂಬತ್ತೂ ಹತ್ತಕ್ಕೆ ಸಾವಿತ್ರಮ್ಮನವರ ಚೀಲದಲ್ಲಿದ್ದ ಮೊಬೈಲು ಗುಂಯ್ ಎಂದಿತು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬೇರೆ ನಂಬರಿನಿಂದ ಪ್ರಜ್ಞಾಳ ಮೆಸೇಜು.

'ಮೇಡಂ, ನಯನ ಹಡಗಿನಲ್ಲಿಲ್ಲ. ಗೇಟಿನಿಂದ ವಾಪಸ್ಸು ಬಂದು ನನ್ನ ಕೈ ಹಿಡಿದು ನಿಂತಿದ್ದಾಳೆ. ಎಷ್ಟು ತಳ್ಳಿದರೂ ಹೋಗಲಿಲ್ಲ. ಅಕ್ಷತಾ ಸತ್ತು ವರ್ಷವಾಯಿತು, ಅವಳ ಹೆಸರಲ್ಲಿ ಹೋದರೆ ಯಾರಿಗೂ ತೊಂದರೆಯಿಲ್ಲ ಅಂತ ಇವಳ ಅಣ್ಣ ಸುಳ್ಳು ಹೇಳಿದ್ದನಂತೆ. ಅಪ್ಪನಿಗೆ ಹೇಳಬೇಡಿ.'

ಸಾವಿತ್ರಮ್ಮ ಎರಡು ಸಲ ಓದಿದರು. ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿಕೊಂಡರು. ಹಡಗು ಹೋಗಿಯಾಗಿತ್ತು. ಅದರ ಮೇಲಿಂದ ಬಂದರಿನ ದೀಪಗಳ ಫೋಟೋ ತೆಗೆಯುವ ಕೈ ದಂಡೆಯ ಮೇಲೇ ಉಳಿದಿತ್ತು. ಹತ್ತಕ್ಕೆ ಐವತ್ತು ನಿಮಿಷ.

"ಏನಂತೆ ಮೇಡಂ?" ಅಭಿಲಾಷ್ ಕೇಳಿದ.

"ಹಡಗು ಹೋಯ್ತಂತೆ ಕಣಪ್ಪಾ," ಎಂದರು ಸಾವಿತ್ರಮ್ಮ. "ಹಾಲು ಚೆಲ್ಲಿಬಿಟ್ಟೆಯಲ್ಲ, ಬಿಸಿದು ಇನ್ನೊಂದು ತರಿಸು. ಹತ್ತರವರೆಗೆ ಕೂರಬೇಕಲ್ಲ."

ಅಂಜಿನಪ್ಪ ತಿರುಗಲಿಲ್ಲ. ಹಿಂಬದಿಯ ದೀಪ ಅವನಿಗೆ ಇನ್ನೂ ಕಾಣುತ್ತಿತ್ತು.